ನೆರೆ ಮೊದಲು ಬಚ್ಚಲಿನಿಂದ ಬರುತ್ತದೆ: ಬೆಂಗಳೂರಿನ ತಗ್ಗಿನ ಮನೆಗಳಿಗೆ ಒಂದು ಕೈಪಿಡಿ

ಬೆಂಗಳೂರು ಹೊಳೆ ದಂಡೆಯ ಊರಲ್ಲ, ದಿಬ್ಬದ ಮೇಲಿನ ಊರು. ದಿಬ್ಬದ ಮೇಲೆ ಬಿದ್ದ ಮಳೆ ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರಬೇಕು. ಆ ದಾರಿಯಲ್ಲಿ, ಕೆರೆಯಂಗಳದಲ್ಲಿ, ಹಳೆಯ ಅಚ್ಚುಕಟ್ಟಿನ ಗದ್ದೆಯಲ್ಲಿ ಎದ್ದ ಮನೆಗಳಿಗೆ ನೀರು ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಮತ್ತು ಸರ್ಜಾಪುರ ರಸ್ತೆಯ ಬಡಾವಣೆಗಳು, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಮುಳುಗಿದ್ದು ಹೀಗೆಯೇ.

2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ಬಿತ್ತು. 30×40 ನಿವೇಶನವೊಂದರ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 14,700 ಲೀಟರ್ ಆಗುತ್ತದೆ, ಅಂದರೆ 6,000 ಲೀಟರಿನ ಎರಡೂವರೆ ಟ್ಯಾಂಕರ್. ಬೀದಿಯ ನೂರು ಮನೆಗಳ ನೀರು ಒಟ್ಟಿಗೆ ಇಳಿದುಬಂದಾಗ ಹೊಸಿಲಿನ ಹತ್ತು ಮರಳಿನ ಚೀಲಗಳಿಂದ ಎಲ್ಲವನ್ನೂ ತಡೆಯಲಾಗದು. ಆದರೆ ಜೀವ, ಕುಡಿಯುವ ನೀರು, ಮನೆಯ ಕಾಗದಪತ್ರ ಈ ಮೂರನ್ನು ಖಂಡಿತ ಉಳಿಸಿಕೊಳ್ಳಬಹುದು. ಅದಕ್ಕೆ ಕೆಲಸದ ಕ್ರಮ ಗೊತ್ತಿರಬೇಕು.

ಮಳೆಗಾಲಕ್ಕೆ ಮುಂಚೆ: ಮಟ್ಟ ಅಳೆಯಿರಿ

ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬ್ ಲೆವೆಲ್ ಸಾಕು. ಇಪ್ಪತ್ತು ಮೀಟರ್ ಟ್ಯೂಬ್ ತಂದು, ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿಸಿ. ಒಂದು ತುದಿಯನ್ನು ಬೀದಿಯ ಮ್ಯಾನ್‌ಹೋಲ್ ಮುಚ್ಚಳದ ಹತ್ತಿರ ಒಬ್ಬರು ಹಿಡಿಯಲಿ, ಇನ್ನೊಂದನ್ನು ಕೆಳಮನೆಯ ಬಚ್ಚಲಲ್ಲಿ ಇನ್ನೊಬ್ಬರು ಹಿಡಿಯಲಿ. ಎರಡೂ ತುದಿಯಲ್ಲಿ ನೀರು ನಿಂತ ಮಟ್ಟ ಒಂದೇ. ಅಲ್ಲಿಂದ ಮುಚ್ಚಳಕ್ಕೆ ಎಷ್ಟು, ಬಚ್ಚಲ ಜಾಲರಿಗೆ ಎಷ್ಟು ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಜಾಲರಿ ಮುಚ್ಚಳಕ್ಕಿಂತ ಕೆಳಗಿದ್ದರೆ, ಬೀದಿಯ ಒಳಚರಂಡಿ ತುಂಬಿದ ದಿನ ಕೊಳಚೆ ಬೀದಿಗೆ ಉಕ್ಕುವ ಮುಂಚೆಯೇ ನಿಮ್ಮ ಮನೆಯೊಳಗೆ ಉಕ್ಕುತ್ತದೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರಿಸುತ್ತಾ ಬಂದ ಹಳೆಯ ಬಡಾವಣೆಗಳಲ್ಲಿ ಇದು ಬಹಳ ಮನೆಗಳ ಪಾಡು.

ರಾಜಕಾಲುವೆ ಎಲ್ಲಿ ಹಾದುಹೋಗಿದೆ ಎಂಬುದನ್ನು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನ ಸರ್ವೆ ನಕ್ಷೆಯಲ್ಲಿ ನೋಡಬಹುದು. ಈಗ ಕಣ್ಣಿಗೆ ಕಾಣುವ ಚರಂಡಿಗಿಂತ ಆ ನಕ್ಷೆಯ ಗೆರೆಯನ್ನು ಹೆಚ್ಚು ನಂಬಿ. ಕಾಲುವೆಯನ್ನು ತಿರುಗಿಸಿದ್ದರೂ ನೀರು ಹಳೆಯ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ.

ಕೊಳಚೆಯನ್ನು ತಡೆಯುವುದು

ಮನೆಯ ಕೊನೆಯ ಚೇಂಬರಿಗೂ ಬೀದಿಯ ಮ್ಯಾನ್‌ಹೋಲಿಗೂ ನಡುವಿನ 110 ಮಿ.ಮೀ. ಪಿವಿಸಿ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಕೂರಿಸಿ. ಕಾಂಪೌಂಡಿನ ಒಳಗೆ, ಮುಚ್ಚಳ ತೆಗೆದು ಕೈ ಹಾಕುವಷ್ಟು ದೊಡ್ಡ ಚೇಂಬರಿನಲ್ಲಿ ಇರಲಿ. ಹೊರಗೆ ಹೋಗುವ ನೀರಿಗೆ ಅದರ ರೆಕ್ಕೆ ತೆರೆಯುತ್ತದೆ, ಹಿಂದೆ ಬರುವ ನೀರಿಗೆ ಮುಚ್ಚಿಕೊಳ್ಳುತ್ತದೆ.

ಇದು ಕೈಕೊಡುವುದು ಎರಡು ಕಾರಣಕ್ಕೆ. ಒಂದು, ಕೂದಲು, ಪ್ಲಾಸ್ಟಿಕ್ ಕವರು, ಬಟ್ಟೆಯ ಚೂರು ರೆಕ್ಕೆಗೆ ಸಿಕ್ಕಿ ಅದು ಅರ್ಧ ತೆರೆದೇ ಉಳಿಯುತ್ತದೆ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಕೊನೆಯಲ್ಲೊಮ್ಮೆ ತೆಗೆದು ತೊಳೆಯಿರಿ. ಬೆಂಗಳೂರಿನಲ್ಲಿ ಜೋರು ಮಳೆ ಬರುವುದು ಈ ಎರಡು ಹೊತ್ತಿನಲ್ಲೇ. ಎರಡನೆಯದನ್ನು ಪ್ಲಂಬರುಗಳೂ ಮರೆಯುತ್ತಾರೆ: ತಾರಸಿಯ ಮಳೆನೀರಿನ ಪೈಪನ್ನು ಅದೇ ಚೇಂಬರಿಗೆ ಸೇರಿಸಿದ್ದರೆ, ವಾಲ್ವ್ ಮುಚ್ಚಿಕೊಂಡ ಕೂಡಲೇ ನಿಮ್ಮ ತಾರಸಿಯ ನೀರಿಗೆ ಹೊರದಾರಿ ಇಲ್ಲದಾಗುತ್ತದೆ. ಬೀದಿಯ ಕೊಳಚೆ ನಿಂತಿತು, ಆದರೆ ನಿಮ್ಮದೇ ಮಳೆನೀರು ನಿಮ್ಮದೇ ಬಚ್ಚಲಿನಿಂದ ಮೇಲೇಳುತ್ತದೆ. ಮೊದಲು ತಾರಸಿ ಪೈಪನ್ನು ಒಳಚರಂಡಿಯಿಂದ ಬೇರ್ಪಡಿಸಿ ಮಳೆಕೊಯ್ಲಿಗೋ ಇಂಗುಗುಂಡಿಗೋ ಮಳೆ ಚರಂಡಿಗೋ ಬಿಡಿ, ಆಮೇಲೆ ವಾಲ್ವ್ ಹಾಕಿಸಿ. ಮ್ಯಾನ್‌ಹೋಲುಗಳು ಮಳೆಯಲ್ಲಿ ಉಕ್ಕುವುದಕ್ಕೆ ಒಂದು ದೊಡ್ಡ ಕಾರಣ ಈ ತಪ್ಪು ಜೋಡಣೆಯೇ.

ವಾಲ್ವ್ ಇಲ್ಲದ ಮನೆಯಲ್ಲಿ, ಮಳೆ ಏರುತ್ತಿರುವಾಗ ಗಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಹಳೆಯ ಟವೆಲ್ ತುರುಕಿ ಬಚ್ಚಲ ಜಾಲರಿಯ ಬಾಯಿಗೆ ಒತ್ತಿ, ಮೇಲೆ ಮರಳಿನ ಚೀಲ ಹೇರಿ. ಕಮೋಡಿನೊಳಗೆ ಕವರು ಸುತ್ತಿದ 8–10 ಕೆ.ಜಿ. ಮರಳಿನ ಚೀಲ ಇಳಿಸಿ. ವಾಷಿಂಗ್ ಮಷೀನಿನ ನೀರು ಹೋಗುವ ತೂತು, ಅಡುಗೆಮನೆ ಬಾಲ್ಕನಿಯ ತೂತು ಮರೆಯಬೇಡಿ. ಒಂದು ತೂತು ಬಿಟ್ಟರೂ ಉಳಿದವನ್ನು ಮುಚ್ಚಿದ ಶ್ರಮ ನೀರುಪಾಲು. ಇಷ್ಟು ಮಾಡಿದ ಮೇಲೆ ಮೇಲ್ಮನೆಯವರು ಫ್ಲಶ್ ಮಾಡಬಾರದು, ಸ್ನಾನ ಮಾಡಬಾರದು. ಅವರು ಬಿಟ್ಟ ನೀರು ಕೆಳಮನೆಯಲ್ಲೇ ಏಳುತ್ತದೆ.

ಸಂಪು ಮತ್ತು ಕುಡಿಯುವ ನೀರು

ನಮ್ಮ ಮನೆಗಳ ಸಂಪು ಇರುವುದು ಕಾರು ನಿಲ್ಲಿಸುವ ಜಾಗದ ಕೆಳಗೆ, ಮುಚ್ಚಳ ನೆಲದ ಮಟ್ಟಕ್ಕೆ. ಅರ್ಧ ಅಡಿ ನೀರು ನಿಂತರೂ ಕೊಳಚೆ ಸಂಪಿಗೆ ಇಳಿಯುತ್ತದೆ. ಬಾಯಿಯ ಸುತ್ತ ಒಂದೂವರೆ ಅಡಿ ಕಟ್ಟೆ ಎತ್ತರಿಸಿ, ರಬ್ಬರ್ ಅಂಚಿನ ಮುಚ್ಚಳ ಹಾಕಿಸಿ. ಗಾಳಿಯ ಪೈಪಿನ ಬಾಯಿ ಇನ್ನೂ ಮೇಲಿರಲಿ.

ಮಳೆ ಎಚ್ಚರಿಕೆ ಬಂದ ದಿನ ತಾರಸಿಯ ಟ್ಯಾಂಕ್ ತುಂಬಿಸಿ, ಆಮೇಲೆ ಮೋಟಾರಿನ ಆಟೋಮ್ಯಾಟಿಕ್ ಕಂಟ್ರೋಲರ್ ಆಫ್ ಮಾಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮೋಟಾರಿನ ಹತ್ತಿರ ಅಂಟಿಸಿದರೂ ಸರಿಯೇ. ಆಟೋ ಹಾಗೇ ಬಿಟ್ಟರೆ, ಮೇಲಿನ ಟ್ಯಾಂಕ್ ಸ್ವಲ್ಪ ಇಳಿದ ಕೂಡಲೇ ಮೋಟಾರು ತಾನಾಗಿ ಎದ್ದು ಸಂಪಿನ ಕೊಳಚೆಯನ್ನು ಮೇಲೇರಿಸುತ್ತದೆ. ಆಗ ಟ್ಯಾಂಕು, ಮನೆಯ ಎಲ್ಲ ಪೈಪು, ಗೀಸರ್, ಫಿಲ್ಟರ್ ಒಟ್ಟಿಗೆ ಕೆಡುತ್ತವೆ.

ನಾಲ್ಕು ಜನರ ಮನೆಗೆ ಮೂರು ದಿನಕ್ಕೆ ಕುಡಿಯಲು 20 ಲೀಟರಿನ ಎರಡು ಕ್ಯಾನು ತುಂಬಿ ಮೇಲಿಡಿ. ಮಳೆ ಸುರಿಯುತ್ತಿದೆ ಎಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ ಎಂದಲ್ಲ. 2022ರಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸೇ ಮುಳುಗಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ನಲ್ಲಿ ನಿಂತಿತ್ತು.

ನೀರು ಗೇಟಿಗೆ ಬಂದಾಗ: ಮೊದಲು ಕರೆಂಟು

ನೀರು ಹೊಸಿಲು ದಾಟುವ ಮುಂಚೆ, ಒಣ ನೆಲದಲ್ಲಿ ನಿಂತು, ಮೇನ್ ಸ್ವಿಚ್ ಆಫ್ ಮಾಡಿ. ತಕ್ಷಣವೇ ಇನ್ವರ್ಟರನ್ನೂ ಆಫ್ ಮಾಡಿ. ಬೆಸ್ಕಾಂನವರು ಕರೆಂಟು ತೆಗೆದಿದ್ದಾರೆ, ಇನ್ನು ಭಯವಿಲ್ಲ ಎಂದುಕೊಳ್ಳುವ ಹೊತ್ತಿಗೆ ಸರಿಯಾಗಿ ಇನ್ವರ್ಟರ್ ಎದ್ದು ಮನೆಯ ತಂತಿಗಳಿಗೆ 230 ವೋಲ್ಟ್ ಕೊಡುತ್ತಿರುತ್ತದೆ. ಆಫ್ ಮಾಡಿದ ಮೇಲೆ ಬ್ಯಾಟರಿಯ ಒಂದು ತಂತಿಯನ್ನಾದರೂ ಬಿಚ್ಚಿ. ದೊಡ್ಡ ಟ್ಯೂಬುಲರ್ ಬ್ಯಾಟರಿ 50 ಕೆ.ಜಿ.ಗೂ ಮೀರಿ ತೂಗುತ್ತದೆ. ನೀರಿನಲ್ಲಿ ನಿಂತು ಎತ್ತಲು ಹೋಗಬೇಡಿ. ಮೊದಲಿನಿಂದಲೇ ಎರಡಡಿ ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟಿರಬೇಕು.

ನೀರು ಆಗಲೇ ಪ್ಲಗ್ ಪಾಯಿಂಟಿನ ಮಟ್ಟಕ್ಕೆ ಬಂದಿದ್ದರೆ ಬೋರ್ಡಿನ ಹತ್ತಿರ ಹೋಗಬೇಡಿ. ಒಣ ಮೆಟ್ಟಿಲು ಹತ್ತಿ 1912ಕ್ಕೆ ಕರೆ ಮಾಡಿ, ಕಂಬದಲ್ಲೇ ಸಂಪರ್ಕ ತೆಗೆಯಲು ಹೇಳಿ. ಬೀದಿಯಲ್ಲಿ ನೀರು ನಿಂತಿರುವಾಗ ದೀಪದ ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ, ಜಾಹೀರಾತು ಫಲಕ ಯಾವುದನ್ನೂ ಆಸರೆಗೆ ಹಿಡಿಯಬಾರದು. 2022ರ ಸೆಪ್ಟೆಂಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ಸ್ಕೂಟರಿನಲ್ಲಿ ಹೊರಟಿದ್ದ ಯುವತಿಯೊಬ್ಬರು ನೀರಿನಲ್ಲಿ ಆಯತಪ್ಪಿ ಕಂಬ ಹಿಡಿದು ಪ್ರಾಣ ಕಳೆದುಕೊಂಡರು.

ಆಮೇಲೆ ಗ್ಯಾಸ್. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿಗೆ ಮುಚ್ಚಳ ಹಾಕಿ, ಅಡುಗೆ ಕಟ್ಟೆಯ ಮೇಲೆ ನೆಟ್ಟಗೆ ಇಟ್ಟು ಹಗ್ಗದಲ್ಲಿ ಕಟ್ಟಿ. ಖಾಲಿಯಾಗುತ್ತಾ ಬಂದ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ. ಜೋಡಣೆ ಬಿಚ್ಚದೆ ಇದ್ದರೆ ತೇಲುವಾಗ ಟ್ಯೂಬು ಕಿತ್ತುಬರುತ್ತದೆ. ಸೋರಿಕೆಯ ವಾಸನೆ ಬಂದರೆ 1906.

ಮರಳಿನ ಚೀಲ ಹಾಕುವುದಾದರೆ ಸಿಮೆಂಟಿನ ಖಾಲಿ ಚೀಲಕ್ಕೆ ಎಂ-ಸ್ಯಾಂಡ್ ಅರ್ಧ ಮಾತ್ರ ತುಂಬಿ, 20–25 ಕೆ.ಜಿ.ಯಷ್ಟು. ಕಂಠಮಟ್ಟ ತುಂಬಿದ ಚೀಲ ಗುಂಡಗಾಗಿ, ಎರಡರ ನಡುವೆ ಸಂದು ಉಳಿಯುತ್ತದೆ. ಬಾಯಿಯನ್ನು ಮಡಚಿ ಕೆಳಕ್ಕೆ ಹಾಕಿ, ಇಟ್ಟಿಗೆ ಕಟ್ಟಿದಂತೆ ಸಂದಿನ ಮೇಲೆ ಚೀಲ ಬರುವ ಹಾಗೆ ಜೋಡಿಸಿ, ಪ್ರತಿ ವರಸೆಯನ್ನೂ ಕಾಲಿನಿಂದ ತುಳಿಯಿರಿ. ನಾಲ್ಕಡಿ ಬಾಗಿಲಿಗೆ ಕೆಳಗೆ ಮೂರು ಸಾಲು, ಮೇಲೆ ಎರಡು, ಅದರ ಮೇಲೆ ಒಂದು, ಸಾಲಿಗೆ ಎರಡು ಚೀಲದಂತೆ ಹನ್ನೆರಡು ಚೀಲ. ಒಂದಡಿಗಿಂತ ಸ್ವಲ್ಪ ಹೆಚ್ಚು ಎತ್ತರ ಸಿಗುತ್ತದೆ. ನೀರು ಬರುವ ಕಡೆಗೆ ಟಾರ್ಪಾಲಿನ್ ಹೊದಿಸಿ, ಅದರ ಕೆಳಗಿನ ಅಂಚು ಮೊದಲ ವರಸೆಯ ಅಡಿಗೆ ಹೋಗಿರಲಿ.

ಎರಡಡಿಗಿಂತ ಎತ್ತರ ಕಟ್ಟಿ ಹಠ ಮಾಡಬೇಡಿ. ಎರಡಡಿ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 180 ಕೆ.ಜಿ. ಭಾರದಷ್ಟು ತಳ್ಳುತ್ತದೆ. ಎತ್ತರ ಇಮ್ಮಡಿಯಾಗಿ ನಾಲ್ಕಡಿಯಾದರೆ ಒತ್ತಡ ನಾಲ್ಕು ಪಟ್ಟು, 700 ಕೆ.ಜಿ. ದಾಟುತ್ತದೆ. ನಾಲ್ಕಿಂಚು, ಆರಿಂಚು ಬ್ಲಾಕಿನ ಕಾಂಪೌಂಡ್ ಗೋಡೆ ಅದನ್ನು ತಾಳುವಂತೆ ಕಟ್ಟಿದ್ದಲ್ಲ. ಒಂದು ಕಡೆ ನೀರು ನಿಂತ ಕಾಂಪೌಂಡಿನ ಮಗ್ಗುಲಲ್ಲಿ ಮಕ್ಕಳನ್ನು ನಿಲ್ಲಿಸಲೇಬೇಡಿ.

ಮನೆ ಬಿಡುವುದಾದರೆ ಮೊಣಕಾಲ ಮಟ್ಟ ಬರುವ ಮುಂಚೆಯೇ ಬಿಡಿ. ಕೈಯಲ್ಲಿ ಕೋಲಿರಲಿ, ಮುಂದೆ ನೆಲ ತಟ್ಟಿ ನೋಡಿ ಹೆಜ್ಜೆ ಇಡಿ. ಬಾಯ್ತೆರೆದ ಮ್ಯಾನ್‌ಹೋಲ್ ನೀರಿನಡಿ ಕಾಣುವುದಿಲ್ಲ. ಅಂಡರ್‌ಪಾಸಿನೊಳಗೆ ಕಾರು ಇಳಿಸಬೇಡಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡಿದ್ದು ನಗರದ ನಟ್ಟನಡುವೆ.

ನೆಲಮಾಳಿಗೆಯ ನೀರು ತೆಗೆಯುವುದು

2025ರ ಮೇ 19ರಂದು ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು, ಅವರಲ್ಲೊಬ್ಬ ಹನ್ನೆರಡು ವರ್ಷದ ಹುಡುಗ. ಆದ್ದರಿಂದ ಈ ಭಾಗವನ್ನು ಎರಡು ಸಲ ಓದಿ.

ಪಂಪಿಗೆ ಜೋಡಿಸುವ ಕೇಬಲ್ ಒಂದೇ ತುಂಡಿನದಾಗಿರಲಿ. ಟೇಪು ಸುತ್ತಿದ ಜಾಯಿಂಟು ನೀರಿಗೆ ಬಿದ್ದರೆ ನೀರೆಲ್ಲ ಕರೆಂಟು. ಪಂಪಿನ ಸಂಪರ್ಕ, ಕರೆಂಟು ಸೋರಿದ ಕೂಡಲೇ ತಾನಾಗಿ ಬಿದ್ದು ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮೂಲಕವೇ ಹೋಗಲಿ. ಶುರು ಮಾಡುವ ಮುಂಚೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳದಿದ್ದರೆ ಬಳಸಬೇಡಿ. ಅರ್ಥ್ ತಂತಿ ಕಡ್ಡಾಯ. ಪಂಪನ್ನು ಹಗ್ಗದಲ್ಲಿ ಇಳಿಸಿ, ಎಲ್ಲರೂ ನೀರಿನಿಂದ ಮೇಲೆ ಬಂದ ನಂತರ ಸ್ವಿಚ್ ಹಾಕಿ. ಕಸ ಸಿಕ್ಕಿ ನಿಂತರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಮುಟ್ಟಿ. ಪೆಟ್ರೋಲ್, ಡೀಸೆಲ್ ಪಂಪ್‌ಸೆಟ್ ಆದರೆ ಇಂಜಿನ್ ಬಯಲಿನಲ್ಲಿರಲಿ, ಪೈಪು ಮಾತ್ರ ಕೆಳಗಿಳಿಯಲಿ. ಅದರ ಹೊಗೆ ನೆಲಮಾಳಿಗೆಯಲ್ಲಿ ತುಂಬಿದರೆ ಉಸಿರು ನಿಲ್ಲಿಸುತ್ತದೆ.

20 ಮೀಟರ್ ಉದ್ದ, 15 ಮೀಟರ್ ಅಗಲದ ನೆಲಮಾಳಿಗೆಯಲ್ಲಿ ಅರ್ಧ ಮೀಟರ್ ನೀರೆಂದರೆ ಒಂದೂವರೆ ಲಕ್ಷ ಲೀಟರ್. ನಿಮಿಷಕ್ಕೆ 250 ಲೀಟರ್ ಎತ್ತುವ ಪಂಪಿಗೆ ಹತ್ತು ಗಂಟೆ ಕೆಲಸ. ಆದರೂ ನೆಲಮಾಳಿಗೆ ಆಳವಾಗಿ ತುಂಬಿದ್ದರೆ ಆತುರ ಬೇಡ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತದೆ, ಒಳಗಿನ ನೀರು ಅದಕ್ಕೆ ಎದುರು ನಿಂತಿರುತ್ತದೆ. ಒಂದಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ರಾತ್ರಿ ಕಳೆಯಲಿ. ಬೆಳಗ್ಗೆ ನೀರು ಗುರುತಿನ ಮೇಲಕ್ಕೆ ಬಂದಿದ್ದರೆ ಹೊರಗಿನ ಮಣ್ಣು ಇನ್ನೂ ಬಸಿದಿಲ್ಲ ಎಂದರ್ಥ. ಎತ್ತಿದ ನೀರನ್ನು ಮನೆಯ ಚೇಂಬರಿಗೆ ಬಿಟ್ಟರೆ ಸುತ್ತಿ ಅಲ್ಲಿಗೇ ಬರುತ್ತದೆ; ತಗ್ಗಿನ ಕಡೆಯ ಮಳೆ ಚರಂಡಿಗೆ ಬಿಡಿ.

ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಕೂಡ ತಿರುಗಿಸಬೇಡಿ. ಇಂಜಿನ್ನಿನ ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಪ್ರೊಟೆಕ್ಟ್ ಸೇರಿಸಿಕೊಳ್ಳದ ವಿಮೆಯಲ್ಲಿ ಆ ನಷ್ಟಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಎಳೆದೊಯ್ಯುವ ಮುಂಚೆ ನೀರಿನ ಮಟ್ಟ ಮತ್ತು ನಂಬರ್ ಪ್ಲೇಟ್ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯಿರಿ.

ನೀರು ಇಳಿದ ಮೇಲೆ

ಪೊರಕೆ ಹಿಡಿಯುವ ಮುಂಚೆ ಫೋನ್ ಹಿಡಿಯಿರಿ. ಪ್ರತಿ ಕೋಣೆಯ ಗೋಡೆಯ ಮೇಲಿನ ನೀರಿನ ಗೆರೆ, ಅದರ ಪಕ್ಕ ಅಳತೆ ಟೇಪು, ಹಾಳಾದ ಪ್ರತಿ ವಸ್ತು, ಯಂತ್ರಗಳ ಸೀರಿಯಲ್ ನಂಬರ್ ಎಲ್ಲದರ ಚಿತ್ರ ಬೇಕು. ವಿಮೆಗೂ ಪರಿಹಾರದ ಪಂಚನಾಮೆಗೂ ಇದೇ ಆಧಾರ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಯೂ ಸೇರಿದೆ. ಕಟ್ಟಡಕ್ಕೆ ಮಾಡಿಸಿದರೆ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿ ಅನ್ವಯವಾಗುತ್ತದೆ. ಸರ್ವೇಯರ್ ನೋಡುವ ತನಕ ಸಾಮಾನು ಎಸೆಯಬೇಡಿ, ಹೊರಗೆ ಗುಡ್ಡೆ ಹಾಕಿ.

ಗಮ್‌ಬೂಟು, ರಬ್ಬರ್ ಕೈಗವಸು ಹಾಕಿಕೊಂಡು, ಕಿಟಕಿ ಬಾಗಿಲು ತೆರೆದು ಕೆಲಸ ಶುರು ಮಾಡಿ. ಕಪಾಟಿನ ಹಿಂದೆ, ವಾಷಿಂಗ್ ಮಷೀನಿನೊಳಗೆ, ಶೂಗಳಲ್ಲಿ ಹಾವು ಸೇರಿಕೊಂಡಿರಬಹುದು. ಕೈ ಹಾಕುವ ಮುಂಚೆ ಕೋಲು ಹಾಕಿ. ಕೆಸರನ್ನು ಹಸಿಯಿರುವಾಗಲೇ ಎತ್ತಿ, ಒಣಗಿದರೆ ಕಲ್ಲಾಗುತ್ತದೆ. ಸಲಿಕೆಯಲ್ಲಿ ಬಾಚಿ ಚೀಲಕ್ಕೆ ತುಂಬಿ. ಪೈಪು ಹಿಡಿದು ಚರಂಡಿಗೆ ತೊಳೆದುಬಿಟ್ಟರೆ ಮುಂದಿನ ಮಳೆಗೆ ಅದೇ ಕೆಸರು ಅದೇ ಚರಂಡಿಯನ್ನು ಕಟ್ಟುತ್ತದೆ.

ಸೋಪು ನೀರಿನಲ್ಲಿ ತೊಳೆದ ಮೇಲೆಯೇ ಬ್ಲೀಚಿಂಗ್ ಪೌಡರ್. ಕೆಸರಿನ ಮೇಲೆ ಬಿಳಿ ಪುಡಿ ಎರಚುವುದರಿಂದ ಪ್ರಯೋಜನವಿಲ್ಲ. ಕೆಸರು ಕ್ಲೋರಿನ್ನನ್ನೆಲ್ಲ ತಾನೇ ತಿಂದುಬಿಡುತ್ತದೆ. ಹತ್ತು ಲೀಟರ್ ನೀರಿಗೆ 200 ಗ್ರಾಂ ಕಲಸಿ, ಸುಣ್ಣ ತಳ ಕಂಡ ಮೇಲೆ ತಿಳಿಯನ್ನು ನೆಲ ಗೋಡೆಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ಬಾಯಿ ತೆರೆದಿಟ್ಟ ಹಳೆಯ ಪುಡಿಗೆ ಸತ್ವ ಉಳಿದಿರುವುದಿಲ್ಲ; ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಎಂದಿಗೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ಸಂಪು ತೊಳೆಯಲು ಸುತ್ತಲಿನ ಮಣ್ಣು ಬಸಿಯುವವರೆಗೆ ಕಾಯಿರಿ. ನೀರುಂಡ ಮಣ್ಣಿನ ನಡುವೆ ಸಂಪು ಪೂರ್ತಿ ಖಾಲಿಯಾದರೆ ತಳ ಮೇಲೆದ್ದು ಬಿರುಕು ಬಿಡಬಹುದು. ಖಾಲಿ ಮಾಡಿದ ಮೇಲೆ ಮುಚ್ಚಳ ಕೆಲವು ಗಂಟೆ ತೆರೆದಿಟ್ಟು ಗಾಳಿಯಾಡಲಿ. ಮೇಲೆ ಒಬ್ಬರು ಕಾವಲಿಲ್ಲದೆ ಯಾರೂ ಇಳಿಯಬಾರದು. ಗೋಡೆ ಉಜ್ಜಿ, ಕಾಲು ಭಾಗ ಶುದ್ಧ ನೀರು ತುಂಬಿಸಿ. ಸಂಪಿನ ಪೂರ್ತಿ ಅಳತೆಯ ಪ್ರತಿ 1,000 ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ, ಅಂದರೆ 6,000 ಲೀಟರಿಗೆ 1.2 ಕೆ.ಜಿ., ಪುಡಿಯನ್ನು ಬಕೆಟಿನಲ್ಲಿ ಕಲಸಿ ತಿಳಿಯನ್ನಷ್ಟೇ ಸುರಿದು ಪೂರ್ತಿ ತುಂಬಿಸಿ. ಕೊಳಚೆ ಮೇಲೇರಿದ್ದರೆ ಈ ನೀರನ್ನೇ ತಾರಸಿ ಟ್ಯಾಂಕಿಗೆ ಏರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ. ಫಿಲ್ಟರಿನ ಸಂಪರ್ಕ ಮಾತ್ರ ಮೊದಲೇ ತೆಗೆದಿರಿ. 24 ಗಂಟೆ ಕಳೆದ ಮೇಲೆ ಎಲ್ಲ ಖಾಲಿ ಮಾಡಿ ಹೊಸ ನೀರು ತುಂಬಿಸಿ. ಅಲ್ಲಿಯವರೆಗೆ ಕುಡಿಯಲು ಚೆನ್ನಾಗಿ ಕುದಿಸಿದ ನೀರು, ಇಲ್ಲವೇ 20 ಲೀಟರಿಗೆ ಅರ್ಧ ಗ್ರಾಂನ ಒಂದು ಕ್ಲೋರಿನ್ ಮಾತ್ರೆ ಹಾಕಿ ಒಂದು ಗಂಟೆ ಬಿಟ್ಟ ತಿಳಿನೀರು. ಡೀಸೆಲ್ ವಾಸನೆಯ ನೀರಿಗೆ ಕುದಿಸುವುದೂ ಮದ್ದಲ್ಲ. ಒಳಚರಂಡಿ ಉಕ್ಕುತ್ತಿದ್ದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಅಪರಾಧ.

ಮುಳುಗಿದ ಎಂಸಿಬಿ, ಆರ್‌ಸಿಸಿಬಿ, ಪ್ಲಗ್ ಪಾಯಿಂಟುಗಳನ್ನು ಒಣಗಿಸಿ ಬಳಸಬೇಡಿ, ಬದಲಿಸಿ. ಎಲೆಕ್ಟ್ರಿಷಿಯನ್ ನಿರೋಧ ಅಳೆಯುವ 500 ವೋಲ್ಟ್ ಮೆಗ್ಗರ್ ಇಟ್ಟು ನೋಡಿದಾಗ ತಂತಿಗಳ ಹೊದಿಕೆಯ ನಿರೋಧ ಒಂದು ಮೆಗಾ ಓಮ್ ಆದರೂ ಇರಬೇಕು. ಫ್ರಿಜ್ಜು, ವಾಷಿಂಗ್ ಮಷೀನ್ ಮೇಲ್ನೋಟಕ್ಕೆ ಒಣಗಿದ್ದರೂ ಪರೀಕ್ಷಿಸದೆ ಪ್ಲಗ್ ಹಾಕಬಾರದು.

ಕೊಳಚೆ ಕುಡಿದ ಹತ್ತಿ ಹಾಸಿಗೆ, ತೆಂಗಿನ ನಾರಿನ ಹಾಸಿಗೆ, ದಿಂಬು ಉಳಿಸಲು ನೋಡಬೇಡಿ. ಪಾರ್ಟಿಕಲ್ ಬೋರ್ಡಿನ ಕಪಾಟು ಉಬ್ಬಿದರೆ ಮುಗಿಯಿತು. ತೇಗದ ಮಂಚ, ಬಾಗಿಲು ನೆರಳಲ್ಲಿ ನಿಧಾನ ಒಣಗಿದರೆ ಉಳಿಯುತ್ತವೆ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತವೆ. ರೇಷ್ಮೆ ಸೀರೆಗಳನ್ನು ಕೆಸರು ಒಣಗುವ ಮುಂಚೆ ತಣ್ಣೀರಿನಲ್ಲಿ ಒಂದೊಂದಾಗಿ ಜಾಲಿಸಿ, ಹಿಂಡದೆ, ನೆರಳಲ್ಲಿ ಹರಡಿ. ಒಂದರ ಮೇಲೊಂದು ರಾಶಿ ಹಾಕಿದರೆ ಬಣ್ಣ ಒಂದಕ್ಕೊಂದು ಹತ್ತುತ್ತದೆ.

ನೆನೆದ ಪತ್ರಗಳ ಹಾಳೆಗಳನ್ನು ಬಿಡಿಸಲು ಹೋದರೆ ಹರಿಯುತ್ತವೆ. ಕಟ್ಟನ್ನು ಹಾಗೇ ಶುದ್ಧ ನೀರಿನಲ್ಲಿ ಅದ್ದಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ದಿನದೊಳಗೆ ಯಾರದಾದರೂ ಮನೆಯ ಫ್ರೀಜರಿನಲ್ಲಿಡಿ. ಬೂಷ್ಟು ಹಿಡಿಯುವುದು ನಿಲ್ಲುತ್ತದೆ. ಪುರುಸೊತ್ತಿನಲ್ಲಿ ಒಂದೊಂದೇ ಕಟ್ಟು ತೆಗೆದು, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನ್ ಗಾಳಿಗೆ ಒಣಗಿಸಿ. ಹಳೆಯ ಫೋಟೋಗಳು ಒಂದಕ್ಕೊಂದು ಅಂಟಿ ಒಣಗುವ ಮುಂಚೆ ನೀರಿನಲ್ಲಿಯೇ ಬಿಡಿಸಿ. ಕ್ರಯಪತ್ರ ಹೋದರೆ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಅಜ್ಜಿಯ ಮದುವೆ ಫೋಟೋಗೆ ಅಂಥ ಕಚೇರಿಯಿಲ್ಲ. ಅದನ್ನೇ ಮೊದಲು ಎತ್ತಿಡಿ.

ಗೋಡೆಗೆ ಬಣ್ಣ ಬಳಿಯಲು ಆತುರ ಬೇಡ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗೆ ಹನಿಗಟ್ಟಿದ್ದರೆ ಗೋಡೆ ಇನ್ನೂ ಹಸಿ. ಪುಟ್ಟಿಯನ್ನು ನೀರಿನ ಗೆರೆಗಿಂತ ಒಂದಡಿ ಮೇಲಿನವರೆಗೂ ಕೆರೆಯಿರಿ, ಏಕೆಂದರೆ ಗಾರೆ ನೀರನ್ನು ಮೇಲಕ್ಕೆ ಹೀರುತ್ತದೆ. ಬಿಳಿ ಉಪ್ಪು ಬಿಟ್ಟರೆ ಒಣ ಬ್ರಷ್‌ನಲ್ಲಿ ಉಜ್ಜಿ. ತೊಳೆದರೆ ಮತ್ತೆ ಗೋಡೆಯೊಳಗೆ ಹೋಗುತ್ತದೆ.

ಮುಂದಿನ ಒಂದು ತಿಂಗಳು ಮನೆಯವರ ಮೈ ಬಿಸಿಯ ಮೇಲೆ ಗಮನವಿರಲಿ. ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ, ಕೆಲವೊಮ್ಮೆ ತಿಂಗಳಿಗೆ ಕಾಣಿಸಿಕೊಳ್ಳುತ್ತದೆ: ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು. ವೈದ್ಯರ ಬಳಿ ಹೋದಾಗ ನೆರೆ ನೀರಿನಲ್ಲಿ ನಡೆದಿದ್ದನ್ನು ನೀವಾಗಿಯೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಗಾಯವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಹೊರಗೆ ಗುಡ್ಡೆ ಹಾಕಿದ ಬಕೆಟು, ಟೈರು, ಕುಂಡಗಳಲ್ಲಿ ನಿಂತ ನೀರನ್ನು ವಾರ ತುಂಬುವ ಮುಂಚೆ ಚೆಲ್ಲಿ; ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಎಂಟು ಹತ್ತು ದಿನ ಸಾಕು.